ಅತ್ತೆ ಕೊಡುತ್ತಿದ್ದ ಬೆಣೆ

ನನ್ನ ಸೋದರತ್ತೆಯ ಬಲಗೈಯ ನಡುಬೆರಳು ಎರಡನೆಯ ಗೆಣ್ಣಿಗೇ ಮುಗಿದಿತ್ತು. ಅವರು ರೊಟ್ಟಿ ತಟ್ಟಿದರೆ ಹಿಟ್ಟಿನ ಮೇಲೆ ಬೆರಳುಗಳ ಗುರುತಿನ ನಡುವೆ ಒಂದು ಜಾಗ ಖಾಲಿ ಉಳಿಯುತ್ತಿತ್ತು. ಆ ಖಾಲಿ ಜಾಗ ಆದದ್ದು ನನ್ನಿಂದ. ಅದು ಅತ್ತೆಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ಅತ್ತೆಯ ಗಂಡ, ನನ್ನ ಮಾವ, ಝಾನ್ಸಿಯ ಕಡೆ ಮಿಲಿಟರಿ ಲಾರಿಗಳ ರಿಪೇರಿ ಕೆಲಸದಲ್ಲಿದ್ದವರು. ಐವತ್ತರ ದಶಕದ ಕೊನೆಯಲ್ಲಿ ನಿವೃತ್ತರಾದಾಗ ಎಲ್ಲರಂತೆ ರೈಲು ಹತ್ತಲಿಲ್ಲ. ಹರಾಜಿನಲ್ಲಿ ಹಳೆಯ ಜೀಪೊಂದನ್ನು ಹಿಡಿದು, ಬಿಚ್ಚಿ ಜೋಡಿಸಿ, ಟ್ರಂಕು, ಸ್ಟವ್ವು, ಹಾಸಿಗೆಯ ಸುರುಳಿ ಹೇರಿಕೊಂಡು ಹೆಂಡತಿಯೊಡನೆ ಸೊರಬಕ್ಕೆ ಹೊರಟುಬಿಟ್ಟರು. ಸೊರಬದಲ್ಲಿ ರಸ್ತೆಯ ಪಕ್ಕ ಅವರಿಗೆ ಒಂದು ತುಂಡು ಜಾಗವಿತ್ತು. ಅಲ್ಲಿ ತಗಡಿನ ಶೆಡ್ಡು ಹಾಕಿ, ಗಾಡಿ ರಿಪೇರಿ ಮಾಡಿಕೊಂಡು ಇರಬೇಕು ಎಂಬುದು ಇಬ್ಬರ ಆಸೆ.

ಆ ಜೀಪಿನ ಎಂಜಿನ್ ಮಾವನ ಮಾತು ಕೇಳುತ್ತಿತ್ತು. ಕೈಬ್ರೇಕು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದಕ್ಕೇ ಅತ್ತೆಯ ಮಡಿಲಲ್ಲಿ ಸದಾ ಜಾಲಿ ಮರದ ಒಂದು ಬೆಣೆ. ಜೀಪು ನಿಂತಾಗ ಮಾವ "ಬೆಣೆ!" ಎನ್ನುತ್ತಿದ್ದರು. ಅತ್ತೆ ಸೆರಗು ಸಿಕ್ಕಿಸಿ ಇಳಿದು, ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರಡಿಗೆ ಬೆಣೆ ಕೊಟ್ಟು, ಅಂಗೈಯಿಂದ ಗುದ್ದಿ ಕೂರಿಸಿ, ಜೀಪಿನ ತಗಡಿಗೆ ಎರಡು ಸಲ ಬಡಿಯುತ್ತಿದ್ದರು. ಬಡಿತದ ಜೊತೆ ಹಸಿರು ಬಳೆಗಳು ಘಲ್ಲೆನ್ನುತ್ತಿದ್ದವು. ಆ ಸದ್ದು ಬಂದ ಮೇಲೆಯೇ ಮಾವ ಬ್ರೇಕಿನಿಂದ ಕಾಲು ತೆಗೆಯುವುದು. ಝಾನ್ಸಿಯಿಂದ ಶಿಕಾರಿಪುರದ ತನಕ ಹೀಗೇ ಬಂದರು.

ಶಿಕಾರಿಪುರದ ನಮ್ಮ ಮನೆಯಲ್ಲಿ ಎರಡು ದಿನ ಇದ್ದರು. ಊಟಕ್ಕೆ ಕೂತರೆ ದಾರಿಯ ಮಾತೇ. ನಾಗಪುರದ ಆಚೆ ಒಂದು ಏರಿನಲ್ಲಿ ಕೆಟ್ಟು ನಿಂತ ಲಾರಿಗೆ ಅತ್ತೆ ತಮ್ಮ ಬೆಣೆ ಕೊಟ್ಟು, ಅದು ರಿಪೇರಿಯಾಗುವ ತನಕ ಅರ್ಧ ದಿನ ಕಾದರಂತೆ.

"ಒಂದು ಕಲ್ಲು ಕೊಟ್ಟು ನಮ್ಮ ಬೆಣೆ ತಗೊಂಡು ಬಾರೇ ಅಂದ್ರೆ ಕೇಳಲಿಲ್ಲ ನೋಡು ನಿನ್ನ ತಂಗಿ," ಎಂದು ಮಾವ ನಮ್ಮಪ್ಪನಿಗೆ ದೂರು ಹೇಳಿದರು.

"ಅಲ್ರೀ, ಅವ್ರ ಲಾರಿ ನಿಂತಿದ್ದೇ ಅದರ ಮೇಲೆ. ಕಿತ್ಕೊಂಡು ಬರೋಕಾಗ್ತದಾ?" ಎಂದರು ಅತ್ತೆ. "ಅಷ್ಟಕ್ಕೂ ನೀವೇನು ಸುಮ್ನೆ ಕೂತಿದ್ರಾ? ಅವ್ರ ಲಾರಿ ಕೆಳಗೆ ತೂರ್ಕೊಂಡು ಹಾಡು ಹೇಳ್ತಿದ್ರಿ."

ಮೂರನೆಯ ದಿನ ಬೆಳಿಗ್ಗೆ ಸೊರಬಕ್ಕೆ ಹೊರಟಾಗ ಅಪ್ಪ ನನ್ನನ್ನು ಜೊತೆಗೆ ಕಳಿಸಿದರು. ನಾನು ಆಗತಾನೇ ಬಿ.ಎಸ್ಸಿ. ಮುಗಿಸಿದ್ದೆ. ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಮಾಡಿದ ಬೂಟು.

ತಾಳಗುಂದದ ಕಡೆ ತಿರುಗುವ ದಾರಿ ದಾಟಿದ ಮೇಲೆ ಒಂದು ಕೆರೆಯ ಏರಿಗೆ ಹತ್ತುವ ದಿಣ್ಣೆ ಸಿಕ್ಕಿತು. ಅರ್ಧ ಹತ್ತುವಾಗ ಕೆಳಗೆ ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು. ಸೈಲೆನ್ಸರಿನ ಕಟ್ಟು ಬಿಟ್ಟಿತ್ತು. ಮಾವ ಜೀಪು ನಿಲ್ಲಿಸಿ, ಬ್ರೇಕು ಒತ್ತಿಕೊಂಡೇ ಸೀಟಿನ ಅಡಿಯಲ್ಲಿ ತಂತಿ ಹುಡುಕುತ್ತ "ಬೆಣೆ!" ಎಂದರು. ಅತ್ತೆಯ ಮಡಿಲಲ್ಲಿ ಅಂದು ನಮ್ಮಮ್ಮ ಕೊಟ್ಟ ಉಪ್ಪಿನಕಾಯಿ ಭರಣಿಯೂ ಇತ್ತು. ನಾನು ಬೆಣೆ ತೆಗೆದುಕೊಂಡು ಹಿಂದಿನಿಂದ ಇಳಿದೆ.

ಗದ್ದೆಗೆ ಹೊರಟ ನಾಲ್ಕಾರು ಹೆಂಗಸರು ಏರಿಯ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಅವರೆದುರು ಗಾಲಿಯ ಬುಡದಲ್ಲಿ ಕುಕ್ಕರಗಾಲು ಹಾಕಲು ನನಗೆ ನಾಚಿಕೆ. ಬೆಣೆಯನ್ನು ಹಿಂದಿನ ಗಾಲಿಯ ಹತ್ತಿರ ಬಿಟ್ಟು, ನಿಂತೇ ಬೂಟಿನ ತುದಿಯಿಂದ ಒಳಕ್ಕೆ ನೂಕಿದೆ. ಅತ್ತೆಯಂತೆಯೇ ತಗಡಿಗೆ ಎರಡು ಸಲ ಬಡಿದೆ. ಮಾವ ಇಳಿದು ಬಂದು, ಗೋಣಿಚೀಲ ಹಾಸಿ, ಜೀಪಿನಡಿ ಮಲಗಿದರು.

ಆಮೇಲಿನದು ನಾಲ್ಕು ಉಸಿರಿನಷ್ಟು ಹೊತ್ತು. ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ, ಅದೇ ಕ್ರಮದಲ್ಲಿ. ಮೊದಲು ಜಲ್ಲಿ ಕರಕರ ಎಂದಿತು. ಓರೆಯಾಗಿ ಕೂತಿದ್ದ ಬೆಣೆ ಪಕ್ಕಕ್ಕೆ ಚಿಮ್ಮಿತು. ಜೀಪು ಹಿಂದಕ್ಕೆ ಸರಿಯತೊಡಗಿತು. ಮುಂದಿನ ಗಾಲಿಯ ದಾರಿಯಲ್ಲಿ ಮಾವನ ಎದೆ ಇತ್ತು. ಕಾಲೇಜಿನಲ್ಲಿ ಇಳಿಜಾರಿನ ಮೇಲೆ ಜಾರುವ ವಸ್ತುವಿನ ಲೆಕ್ಕ ಎಷ್ಟೋ ಬಿಡಿಸಿದ್ದ ನಾನು ಮರದಂತೆ ನಿಂತಿದ್ದೆ. ಭರಣಿ ಒಡೆದ ಸದ್ದು. ಅತ್ತೆ ಯಾವಾಗ ಹಾರಿದರೋ, ಬೆಣೆ ಯಾವಾಗ ಎತ್ತಿದರೋ ಕಾಣಲಿಲ್ಲ. ನೆಲಕ್ಕೆ ಬಿದ್ದುಕೊಂಡು ಉರುಳುವ ಗಾಲಿಯ ಬಾಯಿಗೆ ಕೈಯಾರೆ ಬೆಣೆ ತುರುಕಿದರು. ಗಾಲಿ ಅದರ ಮೇಲೆ ಅರ್ಧ ಹತ್ತಿ ನಿಂತಿತು.

"ರೀ, ಹೊರಗೆ ಬರ್ರೀ," ಎಂದರು. ಮಾವ ತೆವಳಿ ಹೊರಬಂದ ಮೇಲೆ ಅತ್ತೆ ಹೇಳಿದರು: "ಈಗ ಗಾಡಿ ಸ್ವಲ್ಪ ಮುಂದಕ್ಕೆ ನೂಕಿ. ಬೆರಳು ಸಿಕ್ಕಂಡದೆ."

ನಾವಿಬ್ಬರೂ ಹೆಗಲು ಕೊಟ್ಟು ನೂಕಿದೆವು. ಕೈಗೆ ಬಟ್ಟೆ ಸುತ್ತುತ್ತ ಮಾವ ಕೂಗಾಡಿದರು. "ಅಷ್ಟು ದೂರದಿಂದ ಒಂದು ಸಲನೂ ತಪ್ಪದವಳು, ಮನೆ ಬಾಗಿಲಿಗೆ ಬಂದು ಹಿಂಗೆ ಮಾಡ್ದೆಯಲ್ಲೇ!"

ನಾನು ಬಾಯಿ ತೆರೆದೆ. ಅತ್ತೆ ನನ್ನ ಮುಖ ನೋಡಿ, ನನಗಿಂತ ಮೊದಲೇ ಹೇಳಿದರು: "ಹೂಂ ಕಣ್ರೀ, ಸರಿಯಾಗಿ ಕೊಡಲಿಲ್ಲ. ಮನೆ ಬಂತು ಅನ್ನೋ ಸಂಭ್ರಮ."

ಶಿರಾಳಕೊಪ್ಪದ ಡಾಕ್ಟರು ಅರ್ಧ ಬೆರಳನ್ನು ಉಳಿಸಿದರು. ಮಾವ ಔಷಧಿ ತರಲು ಹೋದಾಗ ನಾನು ಅಳುತ್ತ ಕೂತಿದ್ದೆ. ಅತ್ತೆ ಎಡಗೈಯಿಂದ ಬೆಣೆಯನ್ನು ನನ್ನ ತೊಡೆಯ ಮೇಲಿಟ್ಟರು.

"ಸೊರಬದ ತನಕ ನೀನೇ ಕೊಡು."

"ನಾನಾ? ಬೇಡ ಅತ್ತೆ."

"ಮತ್ತಿನ್ಯಾರು, ಈ ಕೈಯಲ್ಲಿ ನಾನು ಕೊಡ್ಲಾ? ಕಾಲಲ್ಲಿ ನೂಕಬಾರ್ದು, ಅಷ್ಟೇ. ಬಗ್ಗಬೇಕು. ಪ್ಯಾಂಟು ಒಗೆದ್ರೆ ಹೋಗ್ತದೆ."

ದಾರಿಯಲ್ಲಿ ನಿಂತ ಕಡೆಯೆಲ್ಲ ನಾನೇ ಬೆಣೆ ಕೊಟ್ಟೆ. ಸೊರಬದಲ್ಲಿ ಜೀಪಿನಿಂದ ಇಳಿದಾಗ ನನ್ನ ಮೊಣಕಾಲುಗಳು ಕೆಮ್ಮಣ್ಣಾಗಿದ್ದವು. ಅತ್ತೆ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು, ಶೆಡ್ಡಿನ ಬಾಗಿಲು ಯಾವ ಕಡೆಗಿರಬೇಕು ಎಂದು ಆಗಲೇ ಮಾವನೊಡನೆ ವಾದ ಶುರು ಮಾಡಿದ್ದರು. ವಾದದಲ್ಲಿ ಗೆದ್ದವರು ಅತ್ತೆ. ಶೆಡ್ಡು ಎದ್ದಿತು, ಚೆನ್ನಾಗಿಯೇ ನಡೆಯಿತು. ನಾನೂ ಅದೇ ಊರಿನಲ್ಲಿ ವಿಜ್ಞಾನದ ಮೇಷ್ಟರಾದೆ. ಹಬ್ಬದೂಟಕ್ಕೆ ಕೂತಾಗಲೆಲ್ಲ ಮಾವ ಅತ್ತೆಯನ್ನು ಅದೇ ಮಾತಿನಿಂದ ಚುಡಾಯಿಸುತ್ತಿದ್ದರು: "ಮನೆ ಬಾಗಿಲಿಗೆ ಬಂದು ತಪ್ಪಿದೆಯಲ್ಲೇ!" ಅತ್ತೆ ನಕ್ಕು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದರು.

ಅತ್ತೆ ಎಂಟು ದಿನದ ಜ್ವರದಲ್ಲಿ ಹೋದರು. ಒಂದು ತಿಂಗಳಾದ ಮೇಲೆ ಶೆಡ್ಡಿಗೆ ಹೋದಾಗ ಮಾವ ಅದೇ ಜೀಪಿನಲ್ಲಿ ಕೂತು ಏನೋ ಹುಡುಕುತ್ತ, ಅಭ್ಯಾಸದಿಂದ "ಬೆಣೆ!" ಎಂದರು. ಬೆಣೆ ಅತ್ತೆಯ ಖಾಲಿ ಸೀಟಿನ ಮೇಲಿತ್ತು. ನಾನು ಬಗ್ಗಿ ಕೂತು, ಬೆಣೆ ಕೊಟ್ಟು, ಅಂಗೈಯಿಂದ ಗುದ್ದಿ, ತಗಡಿಗೆ ಎರಡು ಸಲ ಬಡಿದೆ.

"ಅವತ್ತೂ ಹಿಂಗೇ ಬಡಿದಿದ್ದೆ ನೀನು," ಎಂದರು ಮಾವ.

ನನ್ನ ಕೈ ತಗಡಿನ ಮೇಲೆಯೇ ಉಳಿಯಿತು.

"ಬಳೆ ಸದ್ದು ಬರಲಿಲ್ಲ ಕಣೋ. ಬಿ.ಎಸ್ಸಿ. ಓದಿದೋನು ಅಂತ ನಂಬಿ ಮಲಗ್ದೆ."

"ಮತ್ತೆ ಅತ್ತೇನ ಅಷ್ಟು ವರ್ಷ ಚುಡಾಯಿಸಿದ್ರಲ್ಲ ಮಾವ?"

"ಅವತ್ತು ಬೈದಿದ್ದು ಬೆಣೆ ನಿನ್ನ ಕೈಗೆ ಕೊಟ್ಟಳಲ್ಲ ಅಂತ. ತಪ್ಪನ್ನ ಅವಳೇ ತನ್ನ ಮೇಲೆ ಹಾಕ್ಕಂಡಿದ್ಳು. ನಾನು ಸುಮ್ನಿದ್ರೆ ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗ್ತಿತ್ತು."

ಮಾವ ಇಳಿದು ಬಂದು ಗೋಣಿಚೀಲ ಹಾಸಿದರು. ಗಾಲಿಯ ಕಡೆ ತಿರುಗಿಯೂ ನೋಡದೆ, ಸ್ಪ್ಯಾನರು ಹಿಡಿದು ಜೀಪಿನಡಿ ಸರಿದರು. ಅವರ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. ನಾನು ಇನ್ನೊಮ್ಮೆ ಬಗ್ಗಿ, ಬೆಣೆಯನ್ನು ಕೈಯಿಂದ ಒತ್ತಿ ನೋಡಿದೆ.