ಗೆಳತಿಯ ಕಾದಂಬರಿ, ನನ್ನ ಶಾಲೆಯ ಹುಡುಗಿ

ಕಾಲೇಜಿನಲ್ಲಿ ತನ್ನ ಕತೆಗಳನ್ನು ನನ್ನಿಂದ ತಿದ್ದಿಸಿಕೊಳ್ಳುತ್ತಿದ್ದ ಗೆಳತಿಯ ಕಾದಂಬರಿ ಬೆಳಗಾವಿಯಲ್ಲಿ ಬಿಡುಗಡೆಯಾದಾಗ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹರೆಯದ ಮಕ್ಕಳಿಗೆಂದು ಬರೆದದ್ದು. ಹುಡುಗಿಯೊಬ್ಬಳ ಖಾಸಗಿ ಮೆಸೇಜುಗಳು ಇಡೀ ಶಾಲೆಯ ಮೊಬೈಲುಗಳಲ್ಲಿ ಹರಿದಾಡುವ ಕತೆ. ಭಾಷಣಕಾರರು ಹೊಗಳಿದಷ್ಟೂ ನನ್ನ ಹೊಟ್ಟೆ ಉರಿಯಿತು. ನಾನೂ ಬರೆಯುತ್ತೇನೆ. ಪ್ರಕಾಶಕರು ಮರಳಿಸಿದ ನನ್ನ ಕಾದಂಬರಿ ಅದೇ ಊರಿನ ಅನಗೋಳದ ನನ್ನ ಮನೆಯ ಕಪಾಟಿನಲ್ಲಿದೆ.

ಮರುದಿನ ಖಾನಾಪುರದ ಬಸ್ಸಿನಲ್ಲಿ ಓದತೊಡಗಿದೆ. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕಾದಂಬರಿಯ ಹುಡುಗಿ ಪುಟಪುಟಕ್ಕೂ ಅಳುತ್ತಾಳೆ. ಕೊನೆಗೆ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಮೈಕು ಹಿಡಿದು ಮಾತಾಡುತ್ತಾಳೆ, ಎಲ್ಲರೂ ಕ್ಷಮೆ ಕೇಳುತ್ತಾರೆ. ಇಷ್ಟೇನಾ ಎನಿಸಿತು. ಬಸ್ಸು ದೇಸೂರು ದಾಟುವ ಹೊತ್ತಿಗೆ ಮನಸ್ಸು ಹಗುರಾಗಿತ್ತು.

ನಮ್ಮ ಶಾಲೆಯಲ್ಲೂ ಅಂಥ ಹುಡುಗಿಯೊಬ್ಬಳಿದ್ದಳು. ಹಲಸಿಯ ಕಡೆಯವಳು. ಒಬ್ಬ ಹುಡುಗನಿಗೆ ಅವಳು ಬರೆದದ್ದನ್ನು ಊರೆಲ್ಲ ಓದಿತ್ತು. ಶಾಲೆ ಬಿಟ್ಟಿದ್ದವಳನ್ನು ನಾನೇ ಅವಳ ಮನೆಗೆ ಹೋಗಿ, ತಾಯಿಯನ್ನು ಒಪ್ಪಿಸಿ ಕರೆತಂದಿದ್ದೆ. ಆದರೂ ಆ ಮಾತನ್ನು ನನ್ನೆದುರು ಅವಳು ಒಮ್ಮೆಯೂ ಎತ್ತಿರಲಿಲ್ಲ. ನನ್ನ ಮೇಜಿನ ಮೇಲಿನ ಪುಸ್ತಕ ನೋಡಿ, ಓದಲು ಕೇಳಿ ಒಯ್ದಳು. ವಾರದ ಮೇಲೆ ತಂದುಕೊಟ್ಟಳು.

"ಹೆಂಗಿತ್ತು?"

"ಖರೇ ಹೇಳ್ಲೇನ್ರಿ ಟೀಚರ್? ಸೇರ್ಲಿಲ್ರಿ. ಹಂಗ ಯಾರೂ ತಪ್ಪಾತು ಅನ್ನೂದಿಲ್ಲ. ಈಗೂ ಬಸ್ಸಿನ್ಯಾಗ ನನ್ನ ಬಾಜು ಯಾರೂ ಕುಂದರೂದಿಲ್ರಿ."

ನನಗೆ ಬೇಕಿದ್ದ ಮಾತೇ ಅದು. ಅವಳು ಮುಂದುವರಿಸಿದಳು.

"ಬರದವರಿಗೂ ಹಂಗ ಹೇಳಿದ್ನಿರಿ. ಪುಸ್ತಕದಾಗ ನಂಬರ್ ಇತ್ತಲ್ರಿ, ಅವ್ವನ ಫೋನಿಂದ ಹಚ್ಚಿದ್ದೆ. ಸಿಟ್ಟಾಗ್ಲಿಲ್ರಿ. ಆಮ್ಯಾಲೆ ನಂದೂ ಎಲ್ಲಾ ಹೇಳಿದ್ನಿ."

"ನನಗ ಯಾಕ ಹೇಳ್ಲಿಲ್ಲವಾ?"

"ನೀವು ದಿನಾ ನನ್ನ ಮಾರಿ ನೋಡ್ತೀರಲ್ರಿ. ಅವ್ರು ನನ್ನ ನೋಡೇ ಇಲ್ಲ."

ಸಂಜೆ ಮನೆಗೆ ಬಂದವಳೇ ಗೆಳತಿಗೆ ಫೋನು ಮಾಡಿದೆ.

"ಹೌದು, ಮಾತಾಡಿದ್ಲು," ಎಂದಳು. "ನಿಮ್ಮ ಪುಸ್ತಕ ಸುಳ್ಳು ಐತ್ರಿ ಅಂದ್ಲು. ಖರೇನ ಅಂದಾಳ ಬಿಡು."

"ಮತ್ತೇನೇನ್ ಹೇಳಿದ್ಲು?"

"ಅದನ್ನ ನಿನಗ ಹೇಳಾಕ ಬರೂದಿಲ್ಲ. ನನ್ನ ನಂಬಿ ಹೇಳ್ಯಾಳ ಅಕಿ."

ಆ ಹುಡುಗಿಗಾಗಿ ಬಿಸಿಲಲ್ಲಿ ಹಲಸಿಯವರೆಗೆ ಹೋದವಳು ನಾನು. ಹಾಗೆಂದು ಹೇಳಬೇಕೆನಿಸಿತು, ಫೋನಿಟ್ಟೆ. ಗೆಳತಿಯ ಮಾತು ಸರಿಯೇ ಇತ್ತು. ಅದರಿಂದ ನನ್ನ ಉರಿ ಇನ್ನಷ್ಟು ಹೆಚ್ಚಿತು. ಕೆಟ್ಟ ಕಾದಂಬರಿ ಬರೆದವಳಿಗೆ ಸಿಕ್ಕ ನಂಬಿಕೆ ನನಗೇಕೆ ಸಿಗಲಿಲ್ಲವೆಂದು ಬಹಳ ದಿನ ಕೊರಗಿದೆ.

ಹುಡುಗಿ ಹತ್ತನೆಯದು ಪಾಸಾದಳು. ಈಗ ಬೆಳಗಾವಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಅಲ್ಲಿಯ ಕ್ಯಾಂಪ್ ಪ್ರದೇಶದಲ್ಲಿರುವ ಗೆಳತಿಯ ಮನೆಗೆ ರವಿವಾರ ಹೋಗಿ ಕೂರುತ್ತಾಳಂತೆ. ಇಬ್ಬರೂ ಚಹಾ ಕುಡಿಯುತ್ತ ಸಂಜೆಯವರೆಗೆ ಹರಟುತ್ತಾರಂತೆ. ಅನಗೋಳದ ನನ್ನ ಮನೆ ಅಲ್ಲಿಂದ ದೂರವೇನಲ್ಲ.