ಹೋತಿನ ಮೇಲಿಟ್ಟ ಹೆಬ್ಬೆರಳು

ಖಾದರಸಾಬರು ಹೇಳುತ್ತಿದ್ದ ಹೋತಿನ ಕಥೆ ಸುಳ್ಳಾಗಿರಲಿಲ್ಲ. ಅದು ನನಗೆ ಗದಗಿನ ಒಂದು ಅಂಗಡಿಯಲ್ಲಿ ಗೊತ್ತಾಯಿತು — ಗೊತ್ತಾಗಿಯೂ, ಅವರ ಕಣ್ಣೆದುರಿಗೇ, ಆ ಹೋತಿನ ಚಿತ್ರದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದೆ. ಮುಚ್ಚಿದ್ದಷ್ಟೇ ಅಲ್ಲ, ಮೇಲೊಂದು ಸುಳ್ಳನ್ನೂ ಹೇಳಿದೆ. ಹತ್ತು ವರ್ಷವಾಯಿತು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ನಾನು ಲಕ್ಷ್ಮೇಶ್ವರದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಓಣಿಗೆಲ್ಲ ನಾನು ‘ಅಕ್ಕೋರು’. ಔಷಧದ ಚೀಟಿ, ಬ್ಯಾಂಕಿನ ಕಾಗದ, ಮಿಕ್ಸರ್ ಡಬ್ಬಿಯ ಮೇಲಿನ ಸೂಚನೆ — ಇಂಗ್ಲಿಷಿನಲ್ಲಿ ಏನಿದ್ದರೂ ನನ್ನ ಕಟ್ಟೆಗೆ ಬರುತ್ತಿತ್ತು. ನಾನು ಹೇಳಿದ್ದೇ ಅರ್ಥ. ಖಾದರಸಾಬರದು ನಮ್ಮ ಎದುರು ಮನೆ, ಅಲ್ಲೇ ಹೊಲಿಗೆ ಅಂಗಡಿ. ಅವರ ಕೊರಳಿನಿಂದ ಟೇಪು ಇಳಿದದ್ದನ್ನಾಗಲಿ, ಅವರ ಬಾಯಿ ಸುಮ್ಮನಿದ್ದದ್ದನ್ನಾಗಲಿ ಓಣಿಯಲ್ಲಿ ಕಂಡವರಿಲ್ಲ.

ಅವರ ಮಾತುಗಳಲ್ಲೆಲ್ಲ ದೊಡ್ಡದು ಹೋತಿನ ಕಥೆ. ಅವರು ಸಣ್ಣವರಿದ್ದಾಗ ಊರಿಗೊಂದು ಟೆಂಟ್ ಸಿನೆಮಾ ಬಂದಿತ್ತಂತೆ. ದೊಡ್ಡ ಚಿತ್ರಕ್ಕೆ ಮೊದಲು ಒಂದು ಚಿಕ್ಕ ಕಾರ್ಟೂನ್ ಬಿಟ್ಟರಂತೆ. ಅದರಲ್ಲಿ ಹೋತವೇ ಟೇಲರ್! ಆನೆಗೆ ಪ್ಯಾಂಟು ಹೊಲಿಯಲು ಕೂರುತ್ತದೆ, ಹೊಲಿಯುತ್ತಾ ಹೊಲಿಯುತ್ತಾ ಬಟ್ಟೆಯನ್ನೇ ಮೇಯುತ್ತದೆ, ಕೊನೆಗೆ ಆನೆಗೆ ಸಿಗುವುದು ಒಂದು ಟೊಪ್ಪಿಗೆ ಮಾತ್ರ.

“ಅವತ್ತ ಠರಾವು ಮಾಡಿದೆ ನೋಡ್ರಿ, ಆದ್ರ ಟೇಲರ್ ಆಗಬೇಕಂತ,” ಎಂದು ಖಾದರಸಾಬರು ಪ್ರತಿ ಸಲವೂ ಮುಗಿಸುತ್ತಿದ್ದರು.

ಯಾರೂ ನಂಬಲಿಲ್ಲ. ನಂಬದವರ ಮುಂದಾಳು ನಾನೇ. “ನಾನು ಪುಸ್ತಕದಾಗ ಹುಡುಕೇನಿ, ಅಂಥಾದ್ದು ಯಾವುದೂ ಇಲ್ಲ” ಎಂದು ಒಮ್ಮೆ ಹೇಳಿಯೂ ಬಿಟ್ಟಿದ್ದೆ — ಯಾವ ಪುಸ್ತಕವನ್ನೂ ತೆರೆದಿರಲಿಲ್ಲ. ನಮ್ಮ ಕಡೆ ‘ಹೋಯಿತು’ ಎನ್ನುವುದಕ್ಕೆ ‘ಹೋತು’ ಅನ್ನುತ್ತೇವಲ್ಲ, ಅದನ್ನು ಹಿಡಿದು ಓಣಿಯ ಮಕ್ಕಳಿಗೆ ಒಂದು ಸಾಲು ಕಲಿಸಿದವಳೂ ನಾನೇ: “ಹೋತ ಎಲ್ಲಿ ಹೋತ್ರಿ, ಚಾಚಾ?” ಬರಬರುತ್ತಾ ಯಾರು ಸುಳ್ಳು ಹೇಳಿದರೂ ‘ಹೋತಿನ ಕಥಿ’ ಎನ್ನುವ ರೂಢಿಯೇ ಬಿತ್ತು. ಖಾದರಸಾಬರು ನಗುತ್ತಿದ್ದರು. ನಕ್ಕು, ಮರುದಿನ ಮತ್ತೆ ಅದೇ ಕಥೆ ಹೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಓಣಿಯವರೆಲ್ಲ ಸೇರಿ ಮಕ್ಕಳಿಗೆ ಹಳೆಯ ಕಾರ್ಟೂನುಗಳ ಡಿವಿಡಿ ಪೆಟ್ಟಿಗೆಯೊಂದನ್ನು ತರುವುದೆಂದು ಮಾಡಿದರು. ಟಿವಿ ನಮ್ಮ ಮನೆಯದು, ಆಯ್ಕೆ ನನ್ನದು. ಜೊತೆಗೆ ಖಾದರಸಾಬರು ಹೊರಟರು. ಶಿರಹಟ್ಟಿ ದಾಟಿ ಗದಗ ಮುಟ್ಟುವವರೆಗೆ ಬಸ್ಸಿನ ಕಂಡಕ್ಟರನಿಗೂ ಹೋತಿನ ಕಥೆ ಆಯಿತು.

ಅಂಗಡಿಯಲ್ಲಿ ಉಳಿದದ್ದು ಎರಡೇ ಪೆಟ್ಟಿಗೆ. ಒಂದು ಬಣ್ಣಬಣ್ಣದ್ದು — ಆಯ್ದ ಕಾರ್ಟೂನುಗಳು, ಹಿಂದಿ ಮಾತು, ಮೇಲೆ ಹೊಳೆಯುವ ಕಾಗದ. ಇನ್ನೊಂದು ಕರಿಯ ಪೆಟ್ಟಿಗೆ, ನೋಡಲು ಮಂಕು. ಆದರೆ ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಇದ್ದವು, ಮೊದಲು ತೆರೆಗೆ ಬಂದಾಗ ಹೇಗಿದ್ದವೋ ಹಾಗೆಯೇ. ಎದುರಿಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ‘ಅನ್‌ಕಟ್’ ಎಂದು ಬರೆದಿತ್ತು. ಖಾದರಸಾಬರ ಕೈ ನೇರ ಕರಿಯ ಪೆಟ್ಟಿಗೆಗೇ ಹೋಯಿತು. “ಹಳೇವು ಇದರಾಗ ಇರ್ತಾವ್ರಿ ಅಕ್ಕೋರ,” ಎಂದು ನನ್ನ ಕೈಗೆ ಕೊಟ್ಟರು.

ನಾನು ಹಿಂದೆ ತಿರುಗಿಸಿದೆ. ಅಂಚೆಚೀಟಿಯಷ್ಟು ಚಿಕ್ಕ ಚಿಕ್ಕ ಚಿತ್ರಗಳ ಸಾಲು. ಮೂರನೆಯದರಲ್ಲಿ — ಹೊಲಿಗೆ ಯಂತ್ರದ ಮುಂದೆ ಗಡ್ಡದ ಹೋತ, ಬಾಯಲ್ಲಿ ಬಟ್ಟೆಯ ತುಂಡು.

ನನಗೆ ಮೊದಲು ಬಂದದ್ದು ನಗು, ಆಮೇಲೆ ಬಂದದ್ದು ಹೆದರಿಕೆ. ಇದನ್ನು ಒಯ್ದರೆ ಅಕ್ಕೋರ ಮಾತು ಏನಾಗಬೇಕು? ಪುಸ್ತಕದಲ್ಲಿ ಹುಡುಕಿದ್ದೇನೆ ಅಂದಿದ್ದೆನಲ್ಲ — ಇನ್ನು ಮಕ್ಕಳೆಲ್ಲ ನನ್ನ ಹಿಂದೆ ಕೂಗುತ್ತಾ ಬರುತ್ತಾರೆ. ಅಷ್ಟರೊಳಗೆ ಹೆಬ್ಬೆರಳು ತಾನಾಗಿ ಆ ಚಿತ್ರದ ಮೇಲೆ ಕುಳಿತಿತ್ತು. ತಾನಾಗಿ ಅಂದೆನೆ? ಇಲ್ಲ, ನಾನೇ ಇಟ್ಟೆ.

ಖಾದರಸಾಬರು ಬೆರಳಿನಿಂದ ಎದುರಿನ ದಪ್ಪ ಅಕ್ಷರ ತಟ್ಟಿ ಕೇಳಿದರು, “ಇದೇನ್ರಿ ಬರದಾರ?”

“ಅನ್‌ಕಟ್.”

ಕಟ್ ಎಂಬ ಮಾತು ಟೇಲರಿಗೆ ಯಾರೂ ಕಲಿಸಬೇಕಿಲ್ಲ. ಅವರ ಹುಬ್ಬು ಗಂಟಾಯಿತು. “ಹಂಗಂದ್ರ ಇನ್ನೂ ಕಟಿಂಗ್ ಆಗಿಲ್ಲೇನ್ರಿ? ಹೊಲಿಯೋದು ಬಾಕಿ ಇದ್ದ ಅರಿವಿ ಇದ್ದಂಗ?”

ಒಂದು ಗಳಿಗೆ ಸಾಕಿತ್ತು — ಏನನ್ನೂ ಕತ್ತರಿಸಿಲ್ಲ, ಪೂರ್ತಿ ಇದೆ ಅಂತ ಅರ್ಥ, ಎನ್ನಲು. ನಾನು ಅಂದದ್ದು ಇಷ್ಟೇ: “ಹೂಂ ಖಾದರಸಾಬ್ರ, ಹಂಗ ಐತಿ. ಕೆಲಸ ಮುಗದಿಲ್ಲ.”

“ಕಟಿಂಗ್ ಆಗದ ಮಾಲು ನಮಗ್ಯಾಕ್ರಿ, ಬಿಡ್ರಿ!” ಎಂದವರೇ ಬಣ್ಣದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡರು. ಮಕ್ಕಳಿಗೆ ಹಿಂದಿ ತಿಳಿಯುತ್ತದೆ, ಬಣ್ಣ ಹಿಡಿಸುತ್ತದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದು ಕಾರಣವಲ್ಲ, ನೆಪ.

ಮಕ್ಕಳಿಗೇನೋ ಹಬ್ಬವಾಯಿತು. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಚುರುಮುರಿಯ ಪುಟ್ಟಿ ಖಾಲಿಯಾಗುವವರೆಗೆ ನಗುವೋ ನಗು. ಖಾದರಸಾಬರು ಒಂದು ವಾರವೂ ತಪ್ಪಿಸಲಿಲ್ಲ. ಪ್ರತಿ ಕಾರ್ಟೂನ್ ಸುರುವಾದಾಗಲೂ ಸ್ವಲ್ಪ ಮುಂದೆ ಬಾಗುತ್ತಿದ್ದರು, ಮುಗಿದಾಗ ಹಿಂದೆ ಒರಗುತ್ತಿದ್ದರು. ಕೊನೆಯ ಡಿವಿಡಿಯೂ ಮುಗಿಯಿತು. ಮಕ್ಕಳು ಒಕ್ಕೊರಲಿನಿಂದ ನಾನು ಕಲಿಸಿದ್ದನ್ನು ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅದಾಗಿ ಕೆಲವು ದಿನಕ್ಕೆ ಕುಪ್ಪಸದ ಅಳತೆ ಕೊಡಲು ಹೋಗಿದ್ದೆ. ಖಾದರಸಾಬರು ತಲೆ ಎತ್ತದೆ ಅಂದರು, “ಅಕ್ಕೋರ, ನಾನ ಎಲ್ಲೋ ಕನಸ ಕಂಡಿದ್ದೆ ಕಾಣತೈತ್ರಿ. ಖರೆ ಅಂತ ತಿಳಕೊಂಡು ಇಷ್ಟ ವರ್ಷ ಎಲ್ಲಾರಿಗೂ ಸುಳ್ಳ ಹೇಳ್ಕೋತ ಬಂದೆ.”

“ಇರ್ಲಿ ಬಿಡ್ರಿ, ಸಣ್ಣವರಿದ್ದಾಗ ಹಂಗ ಆಗ್ತದ,” ಎಂದೆ. ಹೌದು — ನಾನು ಅವರನ್ನು ಸಮಾಧಾನ ಮಾಡಿದೆ! ಈ ಹತ್ತು ವರ್ಷದಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಹೆಬ್ಬೆರಳಲ್ಲ, ಈ ಸಮಾಧಾನ. ಅಂದಿನಿಂದ ಅವರು ಆ ಕಥೆ ಹೇಳುವುದನ್ನು ಬಿಟ್ಟರು. ತಮ್ಮ ಕಣ್ಣಿನಿಂದ ನೋಡಿದ್ದನ್ನು ತಾವೇ ನಂಬದ ಹಾಗೆ ನಾನು ಮಾಡಿದ್ದೆ.

ಹೋದ ತಿಂಗಳು ಮುಂಡರಗಿಯ ನನ್ನ ತಂಗಿಯ ಮಗಳು, ನಾನು ಕೇಳಿದ್ದಕ್ಕೆ, ಎಲ್ಲಿಂದಲೋ ಆ ಕರಿಯ ಪೆಟ್ಟಿಗೆಯನ್ನು ತರಿಸಿಕೊಟ್ಟಳು. ನಾನೊಬ್ಬಳೇ ಕೂತು ನೋಡಿದೆ. ಅವರು ಹೇಳಿದ್ದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಪ್ಯಾಂಟು, ಆನೆ, ಕೊನೆಗೆ ಟೊಪ್ಪಿಗೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಈ ನಗು ಅವರದಾಗಬೇಕಿತ್ತು — ಓಣಿಯವರೆಲ್ಲರ ಎದುರು, ಹತ್ತು ವರ್ಷದ ಹಿಂದೆಯೇ.

ಭಾನುವಾರಕ್ಕೆ ಓಣಿಯವರನ್ನೆಲ್ಲ ಕರೆದಿದ್ದೇನೆ. ಆಗಿನ ಮಕ್ಕಳು ಈಗ ಮೀಸೆ ಹೊತ್ತವರು, ಅವರೂ ಬರುತ್ತಾರೆ. ತಂಗಿಯ ಮಗಳು ಬಾಯಿ ತಡೆಯದೆ ಖಾದರಸಾಬರಿಗೆ ಮೊದಲೇ ಸುದ್ದಿ ಮುಟ್ಟಿಸಿಬಿಟ್ಟಿದ್ದಾಳೆ. ನಿನ್ನೆ ಅವರು ರಸ್ತೆ ದಾಟಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನನ್ನ ಸಲುವಾಗಿ ಇಷ್ಟ ಹುಡುಕಿದ್ರಲ್ರಿ ಅಕ್ಕೋರ! ನನ್ನ ಮಾತು ಖರೆ ಮಾಡಿದವರು ನೀವು.”

ನನಗೆ ಸಲ್ಲದ ಆ ಮಾತನ್ನೂ ತೆಗೆದುಕೊಂಡೆ.

ಚಿತ್ರ ತೋರಿಸಿ ಆಮೇಲೆ ಹೇಳಿದರೆ ನನ್ನ ತಪ್ಪು ಎಲ್ಲರ ನಗುವಿನಲ್ಲಿ ತೇಲಿಹೋಗುತ್ತದೆ — ಆ ಉಪಾಯವೂ ಹೊಳೆದಿತ್ತು, ಮರೆಮಾಚುವುದಿಲ್ಲ. ಅದಕ್ಕೇ ಟಿವಿ ಹಚ್ಚುವ ಮೊದಲು ಎದ್ದು ನಿಂತು, ಇಲ್ಲಿ ಬರೆದದ್ದನ್ನೆಲ್ಲ ಓದುತ್ತೇನೆ. ಖಾದರಸಾಬ್, ನಿನ್ನೆ ನೀವು ಹಿಡಿದ ಕೈ ನಿಮ್ಮ ಮಾತನ್ನು ಸುಳ್ಳು ಮಾಡಿದ ಕೈ. ಓದಿ ಮುಗಿಸಿ ಅಲ್ಲೇ ನಿಂತಿರುತ್ತೇನೆ; ಕೂಡ್ರಿ ಅಂತ ನೀವು ಅನ್ನದಿದ್ದರೆ ಕೂರುವುದಿಲ್ಲ.