ತೊಲೆಗೆ ಬಳಿದ ವಿಭೂತಿ

ಮಾಯಕ್ಕಾ, ಯಳವಿ ಊರಿನ ನಮ್ಮ ಮನೆಯ ನಡುತೊಲೆಗೆ ವಿಭೂತಿ ಬಳಿದವಳು ನಾನು. ಭಕ್ತಿಯಿಂದಲ್ಲ — ಗೆದ್ದಲು ಕೊರೆದ ತೂತುಗಳನ್ನು ಮುಚ್ಚಲು.

ದೀಪಾವಳಿಗೆ ಅಪ್ಪ ಆ ತೊಲೆಗೆ ಮೂರು ಬೆರಳಿನ ಪಟ್ಟೆ ಎಳೆಯುತ್ತಿದ್ದರು. ಅವರು ತೀರಿದ ಮೇಲೆ ಮನೆ ಮಾರುವ ಹೊಣೆ ನನ್ನದಾಯಿತು. ಏಣಿ ಹತ್ತಿ ತೊಲೆಯನ್ನು ಒತ್ತಿದಾಗ ಉಗುರು ಒಳಗಿಳಿಯಿತು. ಬದಲಿಸಬೇಕೆಂದರೆ ಮಾಳಿಗೆಯ ಮಣ್ಣನ್ನೆಲ್ಲ ತೆಗೆಸಬೇಕು. ನಾನು ವಿಭೂತಿಯನ್ನು ಗಟ್ಟಿಯಾಗಿ ಕಲಸಿ ತೂತುಗಳಿಗೆ ತುಂಬಿದೆ. ಮೇಲೆ ಅಪ್ಪನ ಹಾಗೆಯೇ ಪಟ್ಟೆ ಎಳೆದೆ.

ಇಷ್ಟು ವರ್ಷ ಕುರಿಗಳ ಹಿಂದೆ ಬಯಲಲ್ಲಿ ಮಲಗಿದವರು ನೀವು — ಮಗಳ ಬಾಣಂತನವಾದರೂ ಸೂರಿನಡಿ ಆಗಲಿ ಎಂದು ಅರ್ಧ ಹಿಂಡು ಮಾರಿ ಈ ಮನೆ ಕೊಳ್ಳಲು ಬಂದಿದ್ದಿರಿ. ಅದೂ ನನಗೆ ಗೊತ್ತಿತ್ತು. ಬಾಗಿಲಿನ ಕೀಲು ಸರಿ ಮಾಡಿಸಿ ಎಂದಿರಿ, ಒಪ್ಪಿದೆ. ಅಡುಗೆಮನೆಯ ನೆಲದ ಫರಸಿ ಕಲ್ಲು, ಗೋಡೆಯ ಸುಣ್ಣ — ಒಪ್ಪಿದೆ. ಸಣ್ಣ ರಿಪೇರಿಗೆಲ್ಲ ಹೂಂ ಅಂದರೆ ದೊಡ್ಡದನ್ನು ಕೇಳಲು ನಿಮಗೆ ಸಂಕೋಚವಾಗುತ್ತದೆ... ಅಷ್ಟರಲ್ಲೇ ನಿಮ್ಮ ಸ್ವಭಾವ ತಿಳಿದುಕೊಂಡಿದ್ದೆ.

ಮನೆ ಪರೀಕ್ಷಿಸಲು ನೀವು ಕರೆತಂದ ಗಾರೆ ಕೆಲಸದ ಗೌಂಡಿ ಮಾತ್ರ ಉಳಿ ಹಿಡಿದು ಏಣಿ ಹತ್ತಿದ. "ತೊಲಿ ಒಂಚೂರು ಕೆತ್ತಿ ನೋಡತೀನ್ರಿ."

"ನಮ್ಮ ದೇವರ ತೊಲಿ ಅದು," ಎಂದೆ. "ಉಳಿ ಹಚ್ಚಬ್ಯಾಡ್ರಿ."

ನೀವು ಸೆರಗನ್ನು ತಲೆಯ ಮೇಲೆಳೆದುಕೊಂಡಿರಿ. "ಏ, ಲಗೂನ ಇಳಿಯೋ ಮಾರಾಯಾ! ನಾಳಿ ದೇವರನ್ನೂ ಕೆತ್ತಿ ನೋಡ್ತಿ ನೀ!"

ಎಲ್ಲರೂ ನಕ್ಕರು — ನಾನೂ. ಆಮೇಲೆ ನೀವು ಕತ್ತೆತ್ತಿ ಕೈಮುಗಿದಿರಿ. "ಭಾಳ ಚಲೋ ಆತು ಯವ್ವಾ. ಇದಕ್ಕ ತೊಟ್ಟಲಾ ಕಟ್ಟತೀನಿ. ದೇವರ ಕೆಳಗ ಕೂಸು ಮಲಗಲಿ."

ಆಗ ಒಂದು ಮಾತು ಸಾಕಿತ್ತು. ನಾನು "ಕಟ್ರಿ" ಎಂದೆ.

ಮಳೆಗಾಲದಲ್ಲಿ, ನೆನೆದ ಮಣ್ಣಿನ ಭಾರಕ್ಕೆ ತೊಲೆ ಮುರಿಯಿತು. ಕೂಸು ತಾಯಿಯ ಮಡಿಲಲ್ಲಿತ್ತು. ಖಾಲಿ ತೊಟ್ಟಿಲಲ್ಲಿ ದುಪ್ಪಟಿ ಹಾಸುತ್ತಿದ್ದ ನಿಮ್ಮ ಸೊಂಟದ ಮೇಲೆ ಅದು ಬಿತ್ತು.

ನಾನು ಆಸ್ಪತ್ರೆಗೆ ಬಂದೆ — ನಿಮ್ಮನ್ನು ನೋಡಲಲ್ಲ, ನಿಮಗೆಷ್ಟು ಗೊತ್ತಾಗಿದೆ ಎಂದು ತಿಳಿಯಲು. ನೀವು ನನ್ನ ಕೈ ಹಿಡಿದು ಅತ್ತಿರಿ.

"ನಂದ ತಪ್ಪಾತ ಯವ್ವಾ. ಬಾಣಂತಿ ಮನ್ಯಾಗ, ಮೈಲಿಗಿ ಕೈಲೆ ನಿಮ್ಮ ದೇವರ ತೊಲಿಗಿ ಹಗ್ಗ ಕಟ್ಟಿದೆ. ದೇವರಿಗೆ ಸಿಟ್ಟ ಬಂತು. ಮಾಫ್ ಮಾಡ್ರಿ."

ನಾನು ಮಾಫ್ ಮಾಡಿದೆ, ಮಾಯಕ್ಕಾ. "ಇರ್ಲಿ ಬಿಡ್ರಿ" ಎಂದೆ — ದೊಡ್ಡ ಮನಸ್ಸಿನವಳ ಹಾಗೆ. ಹೊರಗೆ ಬಂದು ನಿಟ್ಟುಸಿರು ಬಿಟ್ಟೆ. ನನಗೆ ಹಗುರವಾಗಿತ್ತು.

ನೀವು ಇಂದಿಗೂ ಗೋಡೆ ಹಿಡಿದು ನಡೆಯುತ್ತೀರಂತೆ. ಮೊಮ್ಮಗಳು ಕೈ ಚಾಚಿದರೆ, "ನನ್ನ ಕೈ ಒಳ್ಳೆಯದಲ್ಲ" ಎಂದು ನಿಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೀರಂತೆ. ಆ ಮಗುವಿಗೆ ಅಜ್ಜಿಯ ಕೈ ಇಲ್ಲದಂತೆ ಮಾಡಿದವಳು ನಾನು — ತೊಲೆಯಲ್ಲ.

ನಾಳೆ ಬರುತ್ತೇನೆ. ನಿಮ್ಮ ಅಂಗಳದಲ್ಲಿ, ಎಲ್ಲರ ಮುಂದೆ, ಇದನ್ನೇ ಹೇಳುತ್ತೇನೆ. ನನ್ನನ್ನು ಮಾಫ್ ಮಾಡಬೇಡಿ. ದೇವರು ಸಿಟ್ಟಾಗಿರಲಿಲ್ಲ, ತೊಲೆ ಟೊಳ್ಳಾಗಿತ್ತು, ನನಗೆ ಗೊತ್ತಿತ್ತು. ಕೂಸನ್ನು ಎತ್ತಿಕೊಳ್ಳಿ, ಮಾಯಕ್ಕಾ.